ಗಿಡಗಳ ನೆರವಿನಿಂದ ಭಾರಲೋಹ ಮಾಲಿನ್ಯವನ್ನು ಪತ್ತೆಹಚ್ಚುವ ಮತ್ತು ತಗ್ಗಿಸುವ ವಿಧಾನ

ನೆಲಕ್ಕೆ ಚೆಲ್ಲಿದ ಎಣ್ಣೆಯನ್ನೋ ಕೀಟನಾಶಕದ ಉಳಿಕೆಯನ್ನೋ ಮಣ್ಣಿನ ಸೂಕ್ಷ್ಮಜೀವಿಗಳು ತಡವಾಗಿಯಾದರೂ ಒಡೆದು ಮುಗಿಸುತ್ತವೆ. ಸೀಸ, ಕ್ಯಾಡ್ಮಿಯಂ, ಪಾದರಸ, ನಿಕ್ಕಲ್, ಆರ್ಸೆನಿಕ್‌ಗಳ ವಿಷಯದಲ್ಲಿ ಆ ಆಸೆಗೆ ಎಡೆಯಿಲ್ಲ. ಅವು ಮೂಲಧಾತುಗಳು, ಕೊಳೆಯುವುದಿಲ್ಲ, ಕರಗಿ ಇಲ್ಲವಾಗುವುದೂ ಇಲ್ಲ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗಬಹುದು, ಇದ್ದ ಜಾಗದಿಂದ ಬೇರೆ ಜಾಗಕ್ಕೆ ಹೋಗಬಹುದು, ಅಷ್ಟೆ. ಗಿಡಗಳನ್ನು ಬಳಸಿ ಭಾರಲೋಹಗಳನ್ನು ನಿಭಾಯಿಸುವ ಕೆಲಸವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಗಿಡ ಲೋಹವನ್ನು ನಾಶ ಮಾಡುವುದಿಲ್ಲ. ಅದು ಎಲ್ಲಿದೆ ಎಂದು ತೋರಿಸಬಲ್ಲದು, ಇದ್ದಲ್ಲೇ ಹಿಡಿದಿಡಬಲ್ಲದು, ಕೆಲವೇ ಸಂದರ್ಭಗಳಲ್ಲಿ ಮಣ್ಣಿನಿಂದ ಎತ್ತಿ ನಮ್ಮ ಕೈಗೆ ಕೊಡಬಲ್ಲದು. ಈ ಮೂರರಲ್ಲಿ ನಿಮ್ಮ ಜಾಗಕ್ಕೆ ಯಾವುದು ಬೇಕು ಎಂಬುದನ್ನು ಗಿಡ ನೆಡುವುದಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಸೂರ್ಯಕಾಂತಿ ಬಿತ್ತಿದರೆ ಸೀಸವೆಲ್ಲ ಹೋಗುತ್ತದೆ ಎಂಬಂಥ ಮಾತುಗಳನ್ನು ನಂಬಿ ಮೂರು ನಾಲ್ಕು ವರ್ಷ ಕಳೆದ ಮೇಲೆ, ಮಕ್ಕಳು ಆಡುವ ಅಂಗಳದ ಮಣ್ಣು ಮೊದಲಿನಂತೆಯೇ ಉಳಿದಿದೆ ಎಂದು ತಿಳಿಯುವುದು ಬಹಳ ನೋವಿನ ಸಂಗತಿ.

ಲೋಹದೊಡನೆ ಗಿಡಗಳ ನಡವಳಿಕೆ

ಲೋಹ ತುಂಬಿದ ನೆಲದಲ್ಲಿ ಬೆಳೆಯುವ ಸಸ್ಯಗಳನ್ನು ಅಲನ್ ಬೇಕರ್ ಎಂಬ ಸಸ್ಯವಿಜ್ಞಾನಿ 1981ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯ ಬಗೆಯವು ಲೋಹವನ್ನು ಬೇರಿನ ಬಳಿಯೇ ತಡೆದು, ಕಾಂಡ ಎಲೆಗಳಿಗೆ ಆದಷ್ಟು ಕಡಿಮೆ ಬಿಡುತ್ತವೆ. ಎರಡನೆಯ ಬಗೆಯವುಗಳಲ್ಲಿ ಎಲೆಯ ಲೋಹದ ಮಟ್ಟ ಮಣ್ಣಿನ ಮಟ್ಟಕ್ಕೆ ತಕ್ಕಂತೆ ಏರಿಳಿಯುತ್ತದೆ. ಮೂರನೆಯವು ಮಣ್ಣಿನಲ್ಲಿ ಇರುವುದಕ್ಕಿಂತ ಹೆಚ್ಚು ಸಾಂದ್ರತೆಯಲ್ಲಿ ಲೋಹವನ್ನು ಎಲೆಗಳಲ್ಲಿ ಶೇಖರಿಸಿಕೊಳ್ಳುತ್ತವೆ. ತಡೆಯುವ ಗಿಡ ಮಣ್ಣನ್ನು ಹಿಡಿದಿಡುವ ಕೆಲಸಕ್ಕೆ, ತೋರಿಸುವ ಗಿಡ ನಿಗಾ ಇಡುವ ಕೆಲಸಕ್ಕೆ, ಶೇಖರಿಸುವ ಗಿಡ ಎತ್ತಿ ತೆಗೆಯುವ ಕೆಲಸಕ್ಕೆ ಹೊಂದುತ್ತದೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ಪ್ರಯೋಜನವಾಗುವುದಿಲ್ಲ, ಕೆಲವೊಮ್ಮೆ ಹಾನಿಯೂ ಆಗುತ್ತದೆ.

ಮೂರನೆಯ ಬಗೆಯ ಸಸ್ಯಗಳ ಅರಿವು ಹೊಸದೇನಲ್ಲ. 1885ರಲ್ಲಿಯೇ ಬೌಮನ್ ಎಂಬ ಜರ್ಮನ್ ವಿಜ್ಞಾನಿ ಸತುವಿನ ಗಣಿಗಳ ಸುತ್ತ ಬೆಳೆಯುವ ಪುಟ್ಟ ಗಿಡಗಳ ಬೂದಿಯಲ್ಲಿ ಸತು ಅಸಾಧಾರಣ ಪ್ರಮಾಣದಲ್ಲಿ ಇರುವುದನ್ನು ದಾಖಲಿಸಿದ್ದರು. ನ್ಯೂ ಕ್ಯಾಲಿಡೋನಿಯಾ ದ್ವೀಪದ ಪಿಕ್ನಾಂಡ್ರಾ ಅಕ್ಯುಮಿನಾಟಾ ಎಂಬ ಮರದ ತೊಗಟೆಯನ್ನು ಗೀರಿದರೆ ನೀಲಿ ಹಸಿರು ಬಣ್ಣದ ಹಾಲು ಒಸರುತ್ತದೆ. ಅದನ್ನು ಒಣಗಿಸಿದರೆ ತೂಕದ ಸುಮಾರು ಕಾಲುಭಾಗ ನಿಕ್ಕಲ್. ಇಂಥ ಅತಿಶೇಖರಕ ಸಸ್ಯಗಳನ್ನು ನೆಟ್ಟು ಮಣ್ಣನ್ನು ಶುದ್ಧಗೊಳಿಸಬಹುದೆಂಬ ಸಲಹೆಯನ್ನು ರೂಫಸ್ ಚೇನಿ 1983ರಲ್ಲಿ ಮುಂದಿಟ್ಟರು. ಒಣ ಎಲೆಯ ಒಂದು ಕಿಲೋಗ್ರಾಂನಲ್ಲಿ ನಿಕ್ಕಲ್ 1000 ಮಿಲಿಗ್ರಾಂ ಅಥವಾ ಕ್ಯಾಡ್ಮಿಯಂ 100 ಮಿಲಿಗ್ರಾಂ ದಾಟಿದರೆ ಆ ಸಸ್ಯವನ್ನು ಈ ಗುಂಪಿಗೆ ಸೇರಿಸುವುದು ವಾಡಿಕೆ.

ಕಣ್ಣಿಗೆ ಕಾಣುವ ಲಕ್ಷಣಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ತಾಮ್ರ, ಸತು, ನಿಕ್ಕಲ್ ಅತಿಯಾದಾಗ ಬೇರು ಮೊಂಡಾಗುತ್ತದೆ, ಎಳೆಯ ಎಲೆಗಳ ನರಗಳ ನಡುವೆ ಹಳದಿ ಬಣ್ಣ ಕಾಣಿಸಿಕೊಳ್ಳುತ್ತದೆ. ಆದರೆ ಕಬ್ಬಿಣದ ಕೊರತೆಯಲ್ಲಿಯೂ ಇದೇ ಚಿಹ್ನೆ ಕಾಣುತ್ತದೆ. ಸೀಸದ ವಿಷಯದಲ್ಲಂತೂ ಮನುಷ್ಯರಿಗೆ ಅಪಾಯಕಾರಿಯಾದ ಮಟ್ಟದ ಮಣ್ಣಿನಲ್ಲಿಯೂ ಗಿಡ ಹಚ್ಚಗೆ, ಸೊಂಪಾಗಿ, ಯಾವ ಸುಳಿವನ್ನೂ ಕೊಡದೆ ಬೆಳೆಯಬಲ್ಲದು. ಆದ್ದರಿಂದ ಸಸ್ಯವನ್ನು ಸಾಕ್ಷಿಯಾಗಿ ಬಳಸುವುದೆಂದರೆ ಅದರ ಮುಖ ನೋಡಿ ಊಹಿಸುವುದಲ್ಲ. ಅದರ ಎಲೆಯನ್ನೋ ಬೇರನ್ನೋ ಒಣಗಿಸಿ, ಆಮ್ಲದಲ್ಲಿ ಕರಗಿಸಿ, ಯಂತ್ರದಲ್ಲಿ ಅಳೆಯಿಸುವುದು.

ಮೊದಲು ಮಣ್ಣು

ಗಿಡದ ವರದಿಯನ್ನು ಅರ್ಥಮಾಡಿಕೊಳ್ಳಲು ಮಣ್ಣಿನ ವರದಿ ಪಕ್ಕದಲ್ಲಿರಬೇಕು. ಜಾಗವನ್ನು ಹಿಂದಿನ ಬಳಕೆಗೆ ಅನುಗುಣವಾಗಿ ತುಂಡುಗಳಾಗಿ ವಿಂಗಡಿಸಿ: ಹಳೆಯ ಬಣ್ಣ ಉದುರಿದ ಗೋಡೆಯ ಬುಡ, ರಸ್ತೆಯ ಅಂಚು, ತ್ಯಾಜ್ಯ ನೀರು ಹರಿದ ತಗ್ಗು, ಬ್ಯಾಟರಿ ಒಡೆದ ಅಥವಾ ಕಸ ಸುಟ್ಟ ಮೂಲೆ, ಇವನ್ನು ಒಂದರೊಡನೊಂದು ಬೆರೆಸಬಾರದು. ಪ್ರತಿ ತುಂಡಿನಲ್ಲಿ ಅಂಕುಡೊಂಕಾಗಿ ನಡೆಯುತ್ತ 10ರಿಂದ 20 ಕಡೆ ಮಣ್ಣು ತೆಗೆದು ಒಟ್ಟುಗೂಡಿಸಿ. ಬೆಳೆ ಬೆಳೆಯುವ ನೆಲದಲ್ಲಿ ವಿ ಆಕಾರದ ಗುಂಡಿ ತೋಡಿ ಮೇಲಿನಿಂದ 20 ಸೆಂಟಿಮೀಟರ್ ಆಳದವರೆಗಿನ ಮಣ್ಣು ಬೇಕು. ಮಕ್ಕಳು ಆಡುವ ಜಾಗದಲ್ಲಿ ಮೇಲಿನ ಕೆಲವೇ ಸೆಂಟಿಮೀಟರ್ ಮುಖ್ಯ, ಏಕೆಂದರೆ ಕೈಗೂ ಬಾಯಿಗೂ ಹೋಗುವುದು ಆ ಪದರದ ಧೂಳು. ಕೂಡಿಸಿದ ಮಣ್ಣನ್ನು ನೆರಳಿನಲ್ಲಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸುತ್ತ ಬಂದರೆ ಸುಮಾರು ಅರ್ಧ ಕಿಲೋ ಮಾದರಿ ಉಳಿಯುತ್ತದೆ. ಒಣ ಮಣ್ಣನ್ನು ಕೆದಕುವಾಗ ಸ್ವಲ್ಪ ನೀರು ಚಿಮುಕಿಸಿಕೊಂಡು, ಕೈಗವಸು ಮತ್ತು ಮುಖಗವಸು ಧರಿಸಿ ಕೆಲಸ ಮಾಡಿ.

ಪ್ರಯೋಗಾಲಯಕ್ಕೆ ಲೋಹಗಳ ಒಟ್ಟು ಪ್ರಮಾಣವನ್ನಷ್ಟೇ ಕೇಳಿ ಸುಮ್ಮನಾಗಬಾರದು. ರಸಸಾರ (ಮಣ್ಣಿನ ಹುಳಿ ಅಥವಾ ಕ್ಷಾರದ ಮಟ್ಟ ತೋರಿಸುವ pH ಅಂಕಿ), ಸಾವಯವ ಅಂಶ, ಸಾಧ್ಯವಾದರೆ ಗಿಡಕ್ಕೆ ದಕ್ಕುವ ಲೋಹದ ಭಾಗ, ಇವನ್ನೂ ಕೇಳಿ. ಒಟ್ಟು ಪ್ರಮಾಣ ಒಂದೇ ಆಗಿದ್ದರೂ ರಸಸಾರ 5.5 ಇರುವ ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಮತ್ತು ಸತು ಬೇರಿಗೆ ಸುಲಭವಾಗಿ ಸಿಗುತ್ತವೆ, 7ರ ಆಸುಪಾಸಿನಲ್ಲಿ ಬಹುಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತವೆ. ಆರ್ಸೆನಿಕ್ ಮಾತ್ರ ಇದಕ್ಕೆ ವಿರುದ್ಧವಾಗಿ, ರಸಸಾರ ಏರಿದಾಗ ಹೆಚ್ಚು ಸಡಿಲವಾಗುತ್ತದೆ. ಈ ಒಂದು ವ್ಯತ್ಯಾಸವನ್ನು ಮರೆತು ಆರ್ಸೆನಿಕ್ ಇರುವ ನೆಲಕ್ಕೆ ಸುಣ್ಣ ಸುರಿದರೆ ತೊಂದರೆ ಕಡಿಮೆಯಾಗುವುದರ ಬದಲು ಹೆಚ್ಚಾಗುತ್ತದೆ.

ಗಾಳಿಯ ಸಾಕ್ಷಿ: ಹಾವಸೆ

ಗಾಳಿಯಲ್ಲಿ ಬರುವ ಲೋಹವನ್ನು ಹಿಡಿಯುವುದಕ್ಕೆ ಹಾವಸೆಯಂಥ ಸಸ್ಯ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ನಿಜವಾದ ಬೇರಿಲ್ಲ, ಎಲೆಯ ಮೇಲೆ ದಪ್ಪ ಮೇಣದ ಪದರವಿಲ್ಲ. ನೀರನ್ನೂ ಪೋಷಕಾಂಶಗಳನ್ನೂ ಬಹುಮಟ್ಟಿಗೆ ಮಳೆ, ಮಂಜು, ಧೂಳಿನಿಂದಲೇ ಪಡೆಯುತ್ತದೆ. ಆದ್ದರಿಂದ ಅದರ ಮೈಯಲ್ಲಿ ಕೂಡಿಕೊಂಡ ಲೋಹದ ಬಹುಪಾಲು ಗಾಳಿಯ ಲೆಕ್ಕಕ್ಕೇ ಸೇರುತ್ತದೆ. ಸ್ವೀಡನ್‌ನಲ್ಲಿ ರೂಲಿಂಗ್ ಮತ್ತು ಟೈಲರ್ 1960ರ ದಶಕದ ಕೊನೆಯಲ್ಲಿ ಈ ವಿಧಾನಕ್ಕೆ ಅಡಿಪಾಯ ಹಾಕಿದರು; 1990ರಿಂದ ಯುರೋಪಿನ ಹಲವು ದೇಶಗಳು ಕೂಡಿ ಐದು ವರ್ಷಕ್ಕೊಮ್ಮೆ ಹಾವಸೆಯ ಸಮೀಕ್ಷೆ ನಡೆಸುತ್ತ ಬಂದಿವೆ. ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಂತೆ ಹಾವಸೆಯ ಸೀಸವೂ ಇಳಿಯುತ್ತ ಹೋದದ್ದು ಆ ಸಮೀಕ್ಷೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಉದಾಹರಣೆ ಅಮೆರಿಕದ ಪೋರ್ಟ್‌ಲೆಂಡ್ ನಗರದ್ದು. ಅಲ್ಲಿನ ಅರಣ್ಯ ಇಲಾಖೆಯ ವಿಜ್ಞಾನಿಗಳು 2013ರಲ್ಲಿ ಜನವಸತಿಯ ಮರಗಳ ಕಾಂಡದಿಂದ 346 ಹಾವಸೆ ಮಾದರಿಗಳನ್ನು ಸಂಗ್ರಹಿಸಿ ನಕ್ಷೆ ಬರೆದಾಗ, ಕ್ಯಾಡ್ಮಿಯಂ ಹೆಚ್ಚಿದ್ದ ಜಾಗಗಳು ಬಣ್ಣದ ಗಾಜು ತಯಾರಿಸುವ ಘಟಕಗಳ ಸುತ್ತ ಕಂಡುಬಂದವು. ಅದೇ ಸುಳಿವಿನ ಮೇಲೆ 2015ರ ಅಕ್ಟೋಬರ್‌ನಲ್ಲಿ ಗಾಳಿ ಅಳೆಯುವ ಉಪಕರಣಗಳನ್ನು ಇಟ್ಟು ನೋಡಿದಾಗ ಕ್ಯಾಡ್ಮಿಯಂ ಸುರಕ್ಷತೆಯ ಗುರಿಮಟ್ಟಕ್ಕಿಂತ ಹಲವು ಪಟ್ಟು ಹೆಚ್ಚಿರುವುದು ಖಚಿತವಾಯಿತು. ಉಪಕರಣಗಳನ್ನು ನೂರಾರು ಕಡೆ ಇಡುವುದು ಯಾವ ಊರಿಗೂ ಸಾಧ್ಯವಿಲ್ಲ. ಎಲ್ಲಿ ಇಡಬೇಕೆಂದು ತೋರಿಸುವ ಕೆಲಸವನ್ನು ಹಾವಸೆ ಮಾಡಿತು.

ತಾನಾಗಿ ಬೆಳೆದ ಹಾವಸೆ ಸಿಗುವ ಕಡೆ ಅದನ್ನೇ ಸಂಗ್ರಹಿಸಬಹುದು. ಇಡೀ ಪ್ರದೇಶದ ಸಾಮಾನ್ಯ ಮಟ್ಟ ತಿಳಿಯಬೇಕಾದರೆ ದೊಡ್ಡ ರಸ್ತೆ, ಕಾರ್ಖಾನೆಗಳಿಂದ 300 ಮೀಟರ್, ಸಣ್ಣ ರಸ್ತೆ ಮತ್ತು ಮನೆಗಳಿಂದ 100 ಮೀಟರ್ ದೂರ ಹೋಗಿ, ಮರದ ಕೊಂಬೆಗಳಿಂದ ನೀರು ತೊಟ್ಟಿಕ್ಕದ ಬಯಲಿನಲ್ಲಿ, 50 ಮೀಟರ್ ಉದ್ದಗಲದೊಳಗೆ 5ರಿಂದ 10 ಕಡೆ ಒಂದೇ ಜಾತಿಯ ಹಾವಸೆಯನ್ನು ತೆಗೆದು ಬೆರೆಸುವುದು ಯುರೋಪಿನ ಸಮೀಕ್ಷೆಯ ಕ್ರಮ. ಮಾಲಿನ್ಯದ ಮೂಲವನ್ನೇ ಹುಡುಕುತ್ತಿದ್ದರೆ ಇದಕ್ಕೆ ತದ್ವಿರುದ್ಧವಾಗಿ, ಸಂಶಯವಿರುವ ಜಾಗದಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಹತ್ತಿರದಿಂದ ದೂರಕ್ಕೆ ಮಾದರಿಗಳ ಸಾಲು ಬೇಕು. ಕಳೆದ ಎರಡು ಮೂರು ವರ್ಷಗಳ ಬೆಳವಣಿಗೆಯಾದ ಹಸಿರು ತುದಿಯನ್ನು ಮಾತ್ರ ಇಟ್ಟುಕೊಂಡು ಕಂದು ಬಣ್ಣದ ಬುಡವನ್ನು ತೆಗೆದುಹಾಕಿ.

ಹಾವಸೆ ಬೆಳೆಯದ ಒಣ ಪ್ರದೇಶದಲ್ಲಿ, ಅಥವಾ ನಗರದ ನಡುವೆ, ಹಾವಸೆಯ ಚೀಲಗಳನ್ನು ತೂಗುಹಾಕುವುದು ಉತ್ತಮ. ಇದನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಣ್ಣ ಅಜಾಗರೂಕತೆಯೂ ಫಲಿತಾಂಶವನ್ನು ಕೆಡಿಸುತ್ತದೆ. ಶುದ್ಧ ಪ್ರದೇಶದಿಂದ ತಂದ ಸ್ಫ್ಯಾಗ್ನಂ ಜಾತಿಯ ಹಾವಸೆಯನ್ನು ಕಡ್ಡಿ, ಕಸ, ಹುಳುಗಳಿಲ್ಲದಂತೆ ಆರಿಸಿ, ಭಟ್ಟಿ ಇಳಿಸಿದ ನೀರಿನಲ್ಲಿ ನಾಲ್ಕೈದು ಬಾರಿ ಜಾಲಾಡಿಸಿ ಒಣಗಿಸಬೇಕು. ಎರಡು ಮೂರು ಗ್ರಾಂನಷ್ಟನ್ನು ತೂಗಿ, ಸುಮಾರು 2 ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆಯ ಚೀಲದಲ್ಲಿ ಸಡಿಲವಾಗಿ ತುಂಬಬೇಕು. ಒತ್ತಿ ತುಂಬಿದರೆ ಒಳಗಿನ ಹಾವಸೆಗೆ ಗಾಳಿಯೇ ತಾಗುವುದಿಲ್ಲ. ಚೀಲದ ಬಾಯನ್ನು ನೈಲಾನ್ ದಾರದಿಂದಲೇ ಕಟ್ಟಬೇಕು. ಕಲಾಯಿ ಹಾಕಿದ ತಂತಿಯಲ್ಲಿ ಕಟ್ಟಿದರೆ ಅದರ ಮೇಲಿನ ಸತು ಮಳೆನೀರಿನಲ್ಲಿ ಚೀಲಕ್ಕೆ ಇಳಿದು, ಇಲ್ಲದ ಸತುವಿನ ಮಾಲಿನ್ಯವನ್ನು ವರದಿಯಲ್ಲಿ ತೋರಿಸುತ್ತದೆ. ಪ್ರತಿ ಜಾಗದಲ್ಲಿ ಮೂರು ಚೀಲಗಳನ್ನು ನೆಲದಿಂದ ಮೂರು ನಾಲ್ಕು ಮೀಟರ್ ಎತ್ತರದಲ್ಲಿ, ಗೋಡೆಗೂ ಲೋಹದ ಕಂಬಕ್ಕೂ ತಾಗದಂತೆ ತೂಗುಹಾಕಿ, ಆರರಿಂದ ಎಂಟು ವಾರ ಬಿಟ್ಟು ತೆಗೆಯಬೇಕು. ಅದೇ ಹಾವಸೆಯ ಮೂರು ಚೀಲಗಳನ್ನು ಮುಚ್ಚಿದ ಡಬ್ಬದಲ್ಲಿ ಒಳಗೇ ಇಟ್ಟಿರಬೇಕು. ಹೊರಗಿನ ಚೀಲದ ಮೊತ್ತದಲ್ಲಿ ಒಳಗಿನದನ್ನು ಕಳೆದಾಗ ಉಳಿಯುವುದಷ್ಟೇ ಆ ವಾರಗಳಲ್ಲಿ ಗಾಳಿ ತಂದ ಲೋಹ.

ಹಾವಸೆ ಸಿಗದಿದ್ದರೆ ರೈ ಹುಲ್ಲನ್ನು ಬಳಸಬಹುದು. ಒಂದೇ ರಾಶಿಯ ಶುದ್ಧ ಮಣ್ಣು, ಒಂದೇ ಚೀಲದ ಬೀಜ, ಬತ್ತಿಯ ಮೂಲಕ ನೀರುಣಿಸುವ ಒಂದೇ ಅಳತೆಯ ಕುಂಡಗಳು. ಹುಲ್ಲು ಬೆಳೆದ ಮೇಲೆ ಮಟ್ಟವಾಗಿ ಕತ್ತರಿಸಿ, ಬೇರೆ ಬೇರೆ ಕಡೆ ನಾಲ್ಕು ವಾರ ಇಟ್ಟು, ಹೊಸದಾಗಿ ಬಂದ ಎಲೆಯನ್ನು ಕೊಯ್ದು ಪರೀಕ್ಷೆಗೆ ಕಳಿಸುವುದು. ಮಣ್ಣೂ ಬೀಜವೂ ಒಂದೇ ಆದ್ದರಿಂದ ಕುಂಡದಿಂದ ಕುಂಡಕ್ಕೆ ಕಾಣುವ ವ್ಯತ್ಯಾಸಕ್ಕೆ ಗಾಳಿಯೇ ಕಾರಣ. ಜರ್ಮನಿಯಲ್ಲಿ ಈ ವಿಧಾನಕ್ಕೆ ಅಧಿಕೃತ ಮಾರ್ಗಸೂಚಿಯೇ ಇದೆ.

ತೊಳೆದ ಎಲೆ, ತೊಳೆಯದ ಎಲೆ

ತೋಟದ ಸೊಪ್ಪನ್ನೋ ಬೇಲಿಯ ಗಿಡದ ಎಲೆಯನ್ನೋ ಪರೀಕ್ಷಿಸುವಾಗ ಬಹಳ ಉಪಯುಕ್ತವಾದ, ಆದರೆ ಹಲವರು ಕೈಬಿಡುವ ಒಂದು ಕ್ರಮವಿದೆ. ಒಂದೇ ಗಿಡದಿಂದ, ಒಂದೇ ಎತ್ತರದ, ಒಂದೇ ವಯಸ್ಸಿನ ಎಲೆಗಳನ್ನು ಕಿತ್ತು ಎರಡು ಪಾಲು ಮಾಡಿ. ಒಂದು ಪಾಲನ್ನು ಹಾಗೆಯೇ ಇಡಿ. ಇನ್ನೊಂದನ್ನು ಹರಿಯುವ ನೀರಿನಲ್ಲಿ ತೊಳೆದು, ಕೊನೆಯಲ್ಲಿ ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ತೆಗೆಯಿರಿ. ತೊಳೆಯದ ಎಲೆಯಲ್ಲಿ ಸೀಸ ಕಿಲೋಗೆ 12 ಮಿಲಿಗ್ರಾಂ, ತೊಳೆದದ್ದರಲ್ಲಿ 4 ಮಿಲಿಗ್ರಾಂ ಬಂದರೆ, ಮೂರರಲ್ಲಿ ಎರಡು ಪಾಲು ಎಲೆಯ ಮೇಲೆ ಕುಳಿತ ಧೂಳಿನದೇ ಆಗಿತ್ತು ಎಂದು ತಿಳಿಯುತ್ತದೆ. ಆಗ ಪರಿಹಾರವನ್ನು ಬೇರಿನ ಬಳಿ ಹುಡುಕದೆ, ಧೂಳು ಏಳದಂತೆ ನೆಲವನ್ನು ಮುಚ್ಚುವುದರಲ್ಲಿ ಹುಡುಕಬೇಕಾಗುತ್ತದೆ. ಎರಡೂ ಸರಿಸುಮಾರು ಒಂದೇ ಆಗಿದ್ದರೆ ಲೋಹ ಎಲೆಯ ಒಳಗೇ ಸೇರಿದೆ ಎಂದರ್ಥ. ಕ್ಯಾಡ್ಮಿಯಂ ಸಾಮಾನ್ಯವಾಗಿ ಹೀಗೆ ಕಾಣಿಸಿಕೊಳ್ಳುತ್ತದೆ. ಅದೇ ಮಾದರಿಯಲ್ಲಿ ಟೈಟಾನಿಯಂ ಅಥವಾ ಅಲ್ಯೂಮಿನಿಯಂ ಅಳತೆಯನ್ನೂ ಕೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅವು ಮಣ್ಣಿನಲ್ಲಿ ಹೇರಳವಾಗಿದ್ದು ಎಲೆಯೊಳಗೆ ಅತಿ ಕಡಿಮೆ ಹೋಗುವುದರಿಂದ, ತೊಳೆದ ಮೇಲೂ ಉಳಿದ ಧೂಳನ್ನು ಹೊರಗೆಡಹುತ್ತವೆ.

ಮಾದರಿಗಳನ್ನು ಕಾಗದದ ಚೀಲದಲ್ಲಿ ಹಾಕಿ, 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಬೇಕು. ಪಾದರಸವನ್ನು ಅಳೆಯುವುದಿದ್ದರೆ ಆ ಬಿಸಿಯಲ್ಲಿ ಅದು ಆವಿಯಾಗಿ ಹೋಗಬಹುದಾದ್ದರಿಂದ 40 ಡಿಗ್ರಿ ದಾಟಬಾರದು. ಪ್ರಯೋಗಾಲಯವನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿ: ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣೀಕೃತ ಸಸ್ಯ ಮಾದರಿಯೊಂದನ್ನು ನಮ್ಮ ಮಾದರಿಗಳ ಜೊತೆಗೇ ಅಳೆಯುತ್ತೀರಾ, ಗಿಡವನ್ನು ಸೇರಿಸದ, ಬರೀ ಆಮ್ಲದ ಖಾಲಿ ಮಾದರಿಯ ಅಳತೆಯನ್ನೂ ವರದಿಯಲ್ಲಿ ಕೊಡುತ್ತೀರಾ. ಇವೆರಡಕ್ಕೂ ಹೌದು ಎನ್ನದ ಕಡೆಯ ಅಂಕಿಗಳ ಮೇಲೆ ತೀರ್ಮಾನ ಕಟ್ಟಬೇಡಿ.

ವರದಿಯ ಅಂಕಿ ಒಣ ತೂಕದ್ದೋ ಹಸಿ ತೂಕದ್ದೋ ಎಂಬುದನ್ನು ನೋಡುವುದು ಅತಿ ಮುಖ್ಯ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಸೊಪ್ಪು ತರಕಾರಿಗಳಿಗೆ ನಿಗದಿಪಡಿಸಿರುವ ಮಿತಿ ಕಿಲೋಗ್ರಾಂಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ, ಇವು ಹಸಿ ತೂಕದ ಮಿತಿಗಳು. ಸೊಪ್ಪಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ನೀರಿರುವುದರಿಂದ ಒಣ ತೂಕದಲ್ಲಿ 2 ಮಿಲಿಗ್ರಾಂ ಎಂದು ಬಂದ ಕ್ಯಾಡ್ಮಿಯಂ ಹಸಿ ತೂಕದಲ್ಲಿ 0.2 ಆಗುತ್ತದೆ. ಇದನ್ನು ಗಮನಿಸದೆ ಹತ್ತು ಪಟ್ಟು ಗಾಬರಿಗೊಂಡವರೂ ಇದ್ದಾರೆ, ಹತ್ತು ಪಟ್ಟು ನಿಶ್ಚಿಂತರಾದವರೂ ಇದ್ದಾರೆ.

ನೆಡುವ ಮೊದಲು ಮಾಡಬೇಕಾದ ಲೆಕ್ಕ

ಈಗ ತಗ್ಗಿಸುವ ಕೆಲಸಕ್ಕೆ ಬರೋಣ. ಹೊಸ ಲೋಹ ಬರುವ ದಾರಿ ತೆರೆದೇ ಇದ್ದರೆ ಮುಂದಿನದೆಲ್ಲ ವ್ಯರ್ಥ. ತ್ಯಾಜ್ಯ ನೀರು, ಹೊಗೆ, ಉದುರುವ ಬಣ್ಣ, ಲೋಹವಿರುವ ಕೆಸರುಗೊಬ್ಬರ, ಏನೇ ಆಗಿದ್ದರೂ ಅದನ್ನು ನಿಲ್ಲಿಸುವುದು ಮೊದಲ ಹೆಜ್ಜೆ. ಅದಾದ ಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂರಬೇಕು.

ಒಂದು ಹೆಕ್ಟೇರ್ ನೆಲದ ಮೇಲಿನ 20 ಸೆಂಟಿಮೀಟರ್ ಮಣ್ಣು 2000 ಘನಮೀಟರ್ ಆಗುತ್ತದೆ; ಘನಮೀಟರಿಗೆ 1.3 ಟನ್ ಎಂದು ಹಿಡಿದರೆ ಒಟ್ಟು 2600 ಟನ್, ಅಂದರೆ 26 ಲಕ್ಷ ಕಿಲೋ. ಆದ್ದರಿಂದ ಮಣ್ಣಿನ ವರದಿಯಲ್ಲಿ ಕಿಲೋಗೆ ಒಂದು ಮಿಲಿಗ್ರಾಂ ಇಳಿಯಬೇಕಾದರೆ ಆ ಹೆಕ್ಟೇರಿನಿಂದ 2.6 ಕಿಲೋ ಲೋಹ ಹೊರಹೋಗಬೇಕು. ಗಿಡ ವರ್ಷಕ್ಕೆ ಎಷ್ಟು ಹೊರಹಾಕುತ್ತದೆ ಎಂಬುದು ಅದರ ಒಣ ಇಳುವರಿಯನ್ನು ಅದರಲ್ಲಿರುವ ಲೋಹದ ಸಾಂದ್ರತೆಯಿಂದ ಗುಣಿಸಿದರೆ ಸಿಗುತ್ತದೆ.

ಕ್ಯಾಡ್ಮಿಯಂ 3 ಮಿಲಿಗ್ರಾಂ ಇರುವ ನೆಲವನ್ನು 1ಕ್ಕೆ ಇಳಿಸಬೇಕಾಗಿದೆ ಎಂದುಕೊಳ್ಳೋಣ. ಹೊರಹೋಗಬೇಕಾದದ್ದು 5.2 ಕಿಲೋ. ವಿಲ್ಲೋ ಮರವನ್ನು ದಟ್ಟವಾಗಿ ನೆಟ್ಟು ವರ್ಷಕ್ಕೆ 10 ಟನ್ ಒಣ ಸೌದೆ ಮತ್ತು ಎಲೆ ಬಂದು, ಅದರಲ್ಲಿ ಕಿಲೋಗೆ 20 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ವರ್ಷಕ್ಕೆ 200 ಗ್ರಾಂ. ಒಟ್ಟು 26 ವರ್ಷ ಬೇಕು. ನೊಕೇಯಾ ಕೆರುಲೆಸೆನ್ಸ್ ಎಂಬ ಗಿಡ ತೀರ ಕುಳ್ಳು, ವರ್ಷಕ್ಕೆ 3 ಟನ್ನಷ್ಟೇ ಕೊಟ್ಟೀತು. ಆದರೆ ಅದರಲ್ಲಿ 250 ಮಿಲಿಗ್ರಾಂ ಇದ್ದರೆ ವರ್ಷಕ್ಕೆ 750 ಗ್ರಾಂ ಹೊರಬಂದು ಏಳು ವರ್ಷಗಳಲ್ಲಿ ಕೆಲಸ ಮುಗಿಯುತ್ತದೆ. ಅದೇ ಲೆಕ್ಕವನ್ನು ಸೀಸಕ್ಕೆ ಹಾಕಿ ನೋಡಿ. 800 ಮಿಲಿಗ್ರಾಂನಿಂದ 400ಕ್ಕೆ ಇಳಿಸಲು 1040 ಕಿಲೋ ಹೊರಹೋಗಬೇಕು. 10 ಟನ್ ಇಳುವರಿಯಲ್ಲಿ ಕಿಲೋಗೆ 100 ಮಿಲಿಗ್ರಾಂ ಎಂದು ಉದಾರವಾಗಿ ಹಿಡಿದರೂ ವರ್ಷಕ್ಕೆ ಹೊರಬರುವುದು ಒಂದು ಕಿಲೋ. ಸಾವಿರ ವರ್ಷ ಯಾರೂ ಕಾಯಲಾರರು. ಇನ್ನೊಂದು ಮಾತು: ಸುಲಭವಾಗಿ ದಕ್ಕುವ ಭಾಗ ಮೊದಲ ಬೆಳೆಗಳಲ್ಲಿಯೇ ಖಾಲಿಯಾಗುತ್ತ ಬರುವುದರಿಂದ, ವರ್ಷ ಕಳೆದಂತೆ ಹೊರಬರುವ ಪ್ರಮಾಣ ಇಳಿಯುತ್ತ ಹೋಗುತ್ತದೆ, ನಿಜವಾದ ಅವಧಿ ಕಾಗದದ ಲೆಕ್ಕಕ್ಕಿಂತ ಹೆಚ್ಚೇ ಆಗಿರುತ್ತದೆ.

ಸೀಸವನ್ನು ಗಿಡಕ್ಕೆ ಕುಡಿಸಲು ಮಣ್ಣಿಗೆ ಇಡಿಟಿಎ ಎಂಬ ರಾಸಾಯನಿಕವನ್ನು ಹಾಕಿ ಸಾಸಿವೆ ಬೆಳೆಯುವ ಪ್ರಯೋಗಗಳು 1990ರ ದಶಕದಲ್ಲಿ ಬಹಳ ಪ್ರಚಾರ ಪಡೆದವು. ಆ ರಾಸಾಯನಿಕ ಸೀಸವನ್ನು ಬಿಡಿಸಿ ನೀರಿಗೆ ಸೇರಿಸುತ್ತದೆ ಎಂಬುದು ನಿಜ; ಆದರೆ ಗಿಡ ಹೀರುವುದು ಅದರಲ್ಲಿ ಅಲ್ಪಭಾಗ, ಉಳಿದದ್ದು ಮಳೆಯೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ತೆರೆದ ನೆಲದಲ್ಲಿ ಇದನ್ನು ಮಾಡಲೇಬಾರದು.

ಎತ್ತಿ ತೆಗೆಯಲು ಯೋಗ್ಯವಾದ ಲೋಹಗಳು

ಆರ್ಸೆನಿಕ್‌ಗೆ ಟೆರಿಸ್ ವಿಟಾಟಾ ಎಂಬ ಜರಿಗಿಡವಿದೆ. ಅದು ಆರ್ಸೆನಿಕ್ ಹೀರುವ ಸಂಗತಿ 2001ರಲ್ಲಿ ಬೆಳಕಿಗೆ ಬಂತು. ಮರ ಕೆಡದಂತೆ ಸಂಸ್ಕರಿಸುವ ರಾಸಾಯನಿಕದಿಂದ ಕಲುಷಿತವಾಗಿದ್ದ ಫ್ಲಾರಿಡಾದ ಜಾಗವೊಂದರಲ್ಲಿ ಅದು ಸಿಕ್ಕಿತ್ತು, ಮತ್ತು ಪ್ರಯೋಗಗಳಲ್ಲಿ ಅದರ ಎಲೆಯ ಒಣ ತೂಕದ ನೂರಕ್ಕೆ 2ಕ್ಕೂ ಹೆಚ್ಚು ಪಾಲು ಆರ್ಸೆನಿಕ್ ಕಂಡುಬಂತು. ಆರ್ಸೆನಿಕ್ ರಂಜಕವನ್ನು ಹೋಲುವುದರಿಂದ ರಂಜಕ ಒಳಹೋಗುವ ಬಾಗಿಲಿನಿಂದಲೇ ಬೇರಿನೊಳಗೆ ನುಗ್ಗುತ್ತದೆ. ಈ ಜರಿ ಸುಣ್ಣವಿರುವ ಮಣ್ಣನ್ನೂ ಹಳೆಯ ಗಾರೆ ಗೋಡೆಗಳನ್ನೂ ಇಷ್ಟಪಡುತ್ತದೆ, ಹಿಮ ಬೀಳುವ ಚಳಿಯನ್ನು ತಡೆಯಲಾರದು. ಅಡಿಗೊಂದರಂತೆ ಸಸಿ ನೆಟ್ಟು, ಹಳೆಯ ಎಲೆಗಳು ಕಂದು ತಿರುಗುವ ಮೊದಲೇ ಕೊಯ್ಯಬೇಕು. ಒಣಗಿ ಬಿದ್ದ ಎಲೆಯಿಂದ ಆರ್ಸೆನಿಕ್ ಮಳೆಗೆ ಕರಗಿ ಮತ್ತೆ ನೆಲ ಸೇರುತ್ತದೆ. ಬುಡದ ಗೆಡ್ಡೆಯನ್ನು ಉಳಿಸಿ ಕೊಯ್ದರೆ ಮರುವರ್ಷ ತಾನೇ ಚಿಗುರುತ್ತದೆ.

ನಿಕ್ಕಲ್ ವಿಷಯದಲ್ಲಿ ಚಿತ್ರ ಇನ್ನೂ ಆಶಾದಾಯಕವಾಗಿದೆ. ಅಲ್ಬೇನಿಯಾದ ನಿಕ್ಕಲ್ ಸಮೃದ್ಧ ಮಣ್ಣಿನಲ್ಲಿ ಒಡೊಂಟಾರ‍್ರೆನಾ ಎಂಬ ಹಳದಿ ಹೂವಿನ ಗಿಡವನ್ನೂ, ಮಲೇಷ್ಯಾದ ಸಬಾ ಪ್ರಾಂತದಲ್ಲಿ ನೆಲ್ಲಿಯ ಕುಲಕ್ಕೆ ಸೇರಿದ ಫಿಲಾಂತಸ್ ಗಿಡವನ್ನೂ ಬೆಳೆಯಂತೆಯೇ ಬೆಳೆದು, ಕೊಯ್ದು, ಸುಟ್ಟು, ಬೂದಿಯಿಂದ ನಿಕ್ಕಲ್ ತೆಗೆಯುವ ಪ್ರಯೋಗಗಳು ನಡೆದಿವೆ. ಇಲ್ಲಿ ಕೊಯ್ಲಿಗೆ ಬೆಲೆಯಿದೆ, ವಿಲೇವಾರಿಯ ತೊಡಕು ಕಡಿಮೆ.

ಎತ್ತಲಾಗದಿದ್ದರೆ ಹಿಡಿದಿಡುವುದು

ಸೀಸ, ಕ್ರೋಮಿಯಂ, ಹಲವು ಲೋಹ ಬೆರೆತ ಗಣಿತ್ಯಾಜ್ಯ, ಇವಕ್ಕೆಲ್ಲ ಹಸಿರು ಹೊದಿಕೆಯೇ ಸರಿಯಾದ ದಾರಿ. ಇದನ್ನು ಸೋಲೆಂದು ಯಾರೂ ಭಾವಿಸಬೇಕಾಗಿಲ್ಲ. ಲೋಹ ಮನುಷ್ಯರ ಮೈ ಸೇರುವ ದಾರಿ ಧೂಳು, ಕೊಚ್ಚಿಹೋಗುವ ಮಣ್ಣು ಮತ್ತು ಆಹಾರ, ಈ ಮೂರನ್ನೂ ಹೊದಿಕೆ ತಡೆಯುತ್ತದೆ. ಆರ್ಸೆನಿಕ್ ಇಲ್ಲದ ಕಡೆ, ರಸಸಾರ 6.5ಕ್ಕಿಂತ ಕಡಿಮೆ ಇದ್ದರೆ ಸುಣ್ಣ ಹಾಕಿ 7ರ ಹತ್ತಿರಕ್ಕೆ ತನ್ನಿ. ಚೆನ್ನಾಗಿ ಕಳಿತ, ಲೋಹದ ಪರೀಕ್ಷೆಯಾದ ಕಾಂಪೋಸ್ಟನ್ನು ಮೇಲಿನ ಪದರಕ್ಕೆ ಬೆರೆಸಿ. ಸೀಸಕ್ಕೆ ರಂಜಕ ಗೊಬ್ಬರ ಕೂಡಿಸಿದರೆ ಅದು ಸುಲಭವಾಗಿ ಕರಗದ ಖನಿಜವಾಗಿ ಗಟ್ಟಿಗೊಳ್ಳುತ್ತದೆ, ಆದರೆ ಜೊತೆಯಲ್ಲಿ ಆರ್ಸೆನಿಕ್ ಇದ್ದರೆ ಆ ರಂಜಕವೇ ಅದನ್ನು ಮಣ್ಣಿನ ಕಣಗಳಿಂದ ತಳ್ಳಿ ಬಿಡಿಸುತ್ತದೆ. ಹಾಗಾಗಿ ಎರಡೂ ಇರುವ ಕಡೆ ರಂಜಕ ಬೇಡ. ಲಾವಂಚವನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆಯ ಮೇಲೆ ಬುಡಕ್ಕೆ ಬುಡ ತಾಗುವಂತೆ ನೆಟ್ಟರೆ ಅದರ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ, ಲೋಹದ ಹೆಚ್ಚಿನ ಪಾಲನ್ನು ಬೇರಿನಲ್ಲೇ ಉಳಿಸಿಕೊಳ್ಳುತ್ತದೆ. ಸಾಲುಗಳ ನಡುವೆ ನೆಲಕ್ಕೆ ಹಬ್ಬುವ ಹುಲ್ಲು ಬೇಕು. ಶೇಖರಿಸುವ ಗಿಡಗಳನ್ನು ಇಲ್ಲಿ ನೆಡಬಾರದು. ದನಕರು, ಮೊಲ, ಹಕ್ಕಿಗಳ ಮೂಲಕ ಅವು ಲೋಹವನ್ನು ಮೇಲೆತ್ತಿ ಹರಡುತ್ತವೆ.

ತರಕಾರಿ ಬೆಳೆಯಲೇಬೇಕಾದ, ಆದರೆ ಲೋಹ ಸ್ವಲ್ಪ ಹೆಚ್ಚಿರುವ ತೋಟಕ್ಕೂ ಇದೇ ವಿಚಾರ ಅನ್ವಯಿಸುತ್ತದೆ. ಸೊಪ್ಪು ಮತ್ತು ಗೆಡ್ಡೆಗಳನ್ನು ಹೊಸ ಮಣ್ಣು ತುಂಬಿದ ಎತ್ತರದ ಮಡಿಗಳಲ್ಲಿ ಬೆಳೆಯಿರಿ. ಟೊಮೆಟೊ, ಬದನೆ, ಬೀನ್ಸ್‌ನಂಥ ಕಾಯಿಗಳಿಗೆ ಲೋಹ ಬಹಳ ಕಡಿಮೆ ತಲುಪುವುದರಿಂದ ಅವು ಹೆಚ್ಚು ಸುರಕ್ಷಿತ. ಮಳೆಯ ಹನಿಗೆ ಸಿಡಿದ ಮಣ್ಣು ಎಲೆಗೆ ಅಂಟದಂತೆ ಒಣಹುಲ್ಲಿನ ಹೊದಿಕೆ ಹಾಸಿ.

ನೀರಿನಲ್ಲಿ

ಕಲುಷಿತ ನೀರಿಗೆ ಜೊಂಡುಹುಲ್ಲು ನೆಟ್ಟ ಕೃತಕ ಜೌಗನ್ನು ಕಟ್ಟುವುದು ರೂಢಿಯಲ್ಲಿರುವ ವಿಧಾನ. ಅಲ್ಲಿ ಲೋಹದ ದೊಡ್ಡ ಪಾಲು ಗಿಡದ ಎಲೆಗೆ ಹೋಗುವುದಿಲ್ಲ. ಕೊಳೆತ ಎಲೆ ಬೇರುಗಳನ್ನು ತಿಂದು ಬದುಕುವ, ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಸಲ್ಫೈಡ್ ಆಗಿಸಿ, ಲೋಹ ಅದರೊಡನೆ ಸೇರಿ ಕೆಸರಿನಲ್ಲಿ ಕೂರುತ್ತದೆ. ಆದ್ದರಿಂದ ಜೌಗು ಒಣಗಬಾರದು. ಒಣಗಿ ಗಾಳಿ ತಾಗಿದರೆ ಕೂತ ಲೋಹ ಮತ್ತೆ ಕರಗುತ್ತದೆ. ತೇಲುಗಿಡಗಳು ಬೇರಿನಲ್ಲಿ ಲೋಹವನ್ನು ಚೆನ್ನಾಗಿಯೇ ಹಿಡಿಯುತ್ತವೆ, ಆದರೆ ಸತ್ತು ಮುಳುಗಿದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತವೆ. ಮುಚ್ಚಿದ ತೊಟ್ಟಿಯಲ್ಲಿ, ವಾರಕ್ಕೊಮ್ಮೆ ಬಾಚಿ ತೆಗೆಯುವ ವ್ಯವಸ್ಥೆಯಿದ್ದರೆ ಮಾತ್ರ ಅವನ್ನು ಬಳಸಿ. ನೀರು ಹಯಸಿಂತನ್ನು ತೆರೆದ ಕೆರೆಗೂ ಹೊಳೆಗೂ ಎಂದಿಗೂ ಬಿಡಬೇಡಿ.

ಕೊಯ್ದದ್ದರ ವಿಲೇವಾರಿ, ಮುಂದಿನ ನಿಗಾ

ಲೋಹ ಹೀರಿದ ಸೊಪ್ಪು ಸದೆ ಇನ್ನು ಮೇಲೆ ಹಸಿರೆಲೆಯಲ್ಲ, ಅಪಾಯಕಾರಿ ತ್ಯಾಜ್ಯ. ಅದನ್ನು ದನಗಳ ಮುಂದೆ ಹಾಕಬಾರದು, ಗೊಬ್ಬರದ ಗುಂಡಿಗೆ ಸೇರಿಸಬಾರದು, ಒಲೆಗೂ ಬಯಲು ಬೆಂಕಿಗೂ ಒಡ್ಡಬಾರದು. ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸಗಳು ಬೆಂಕಿಯಲ್ಲಿ ಹೊಗೆಯಾಗಿ ಉಸಿರಿಗೆ ಸೇರುತ್ತವೆ. ತಳಕ್ಕೆ ಹಾಳೆ ಹಾಸಿ ಮುಚ್ಚಿದ ಚಪ್ಪರದಡಿ ಒಣಗಿಸಿ, ತೂಗಿ, ಒಂದು ಮಾದರಿಯನ್ನು ಪರೀಕ್ಷೆಗೆ ತೆಗೆದಿಟ್ಟು, ಉಳಿದದ್ದನ್ನು ಅಪಾಯಕಾರಿ ತ್ಯಾಜ್ಯ ನಿರ್ವಹಿಸಲು ಪರವಾನಗಿ ಪಡೆದ ಘಟಕಕ್ಕೆ ಒಪ್ಪಿಸಬೇಕು. ಈ ವ್ಯವಸ್ಥೆ ಮೊದಲೇ ಆಗಿರದಿದ್ದರೆ ಶೇಖರಿಸುವ ಗಿಡವನ್ನು ನೆಡುವುದೇ ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಪ್ರತಿ ಕೊಯ್ಲಿನ ಒಣ ತೂಕ ಮತ್ತು ಅದರ ಲೋಹದ ಅಂಶವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡರ ಗುಣಲಬ್ಧವೇ ಆ ವರ್ಷ ನೆಲದಿಂದ ನಿಜವಾಗಿ ಹೊರಹೋದ ಲೋಹ. ವರ್ಷಕ್ಕೊಮ್ಮೆ, ಅದೇ ಋತುವಿನಲ್ಲಿ, ಅದೇ ಗುರುತಿನ ಜಾಗಗಳಿಂದ, ಅದೇ ಆಳದ ಮಣ್ಣನ್ನು ತೆಗೆದು ಪರೀಕ್ಷಿಸಿ. ಮಣ್ಣಿನಲ್ಲಿ ಇಳಿದ ಪ್ರಮಾಣ ಕೊಯ್ಲಿನ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿದ್ದರೆ ಸಂತೋಷಪಡುವ ಮೊದಲು 20ರಿಂದ 40 ಸೆಂಟಿಮೀಟರ್ ಆಳದ ಮಣ್ಣನ್ನೂ ಹತ್ತಿರದ ಬಾವಿಯ ನೀರನ್ನೂ ಪರೀಕ್ಷೆಗೆ ಕಳಿಸಿ, ಏಕೆಂದರೆ ಕಾಣೆಯಾದ ಲೋಹ ಕೆಳಗಿಳಿದಿರಬಹುದು.